ದುಬೈ ನಾಲ್ಕು ಗಂಟೆಯ ದಾರಿಯಲ್ಲ

ಕಳೆದ ವರ್ಷ ನಾವು ಪ್ರಥಮ ಪಿಯುಸಿಯಲ್ಲಿದ್ದಾಗ ಭೌತಶಾಸ್ತ್ರದ ತರಗತಿಯಲ್ಲಿ ಸರಾಸರಿ ವೇಗದ ಪಾಠ ನಡೆಯುತ್ತಿತ್ತು. ಸರ್ ಪಾಠದ ನಡುವೆ ಒಂದು ಪ್ರಶ್ನೆ ಕೇಳಿದರು: “ಬೆಂಗಳೂರಿನಿಂದ ದುಬೈ ಎಷ್ಟು ದೂರ?” ಇಡೀ ತರಗತಿ ಒಂದೇ ದನಿಯಲ್ಲಿ, “ನಾಲ್ಕು ಗಂಟೆ ಸರ್” ಎಂದಿತು. ಸರ್ ನಕ್ಕರು. “ನಾನು ಕೇಳಿದ್ದು ದೂರ, ನೀವು ಹೇಳಿದ್ದು ಸಮಯ. ಅದೂ ಯಾರ ಸಮಯ? ವಿಮಾನದ್ದೋ, ಮನುಷ್ಯನದೋ?” ಎಂದರು. ನಾವೂ ನಕ್ಕೆವು. ಗಂಟೆ ಬಾರಿಸಿತು, ಪಾಠ ಮುಗಿಯಿತು. ಆ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಆರು ತಿಂಗಳ ನಂತರ.

ನಮ್ಮ ಕಾಲೇಜಿನಲ್ಲಿ ಈ ಪ್ರಶ್ನೆ ಬರೀ ಪಾಠದ ಪ್ರಶ್ನೆಯಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಗಳಿಂದ ಬರುವ ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಅಬ್ಬಾನೋ ಅಣ್ಣನೋ ಮಾವನೋ ದುಬೈ, ಶಾರ್ಜಾ, ರಿಯಾದ್, ಜಿದ್ದಾದಲ್ಲಿ ದುಡಿಯುತ್ತಿದ್ದಾರೆ. ಪಿಯುಸಿ ಮುಗಿದ ಮೇಲೆ ಅಲ್ಲಿಗೆ ಹೊರಡಬೇಕೆಂದುಕೊಂಡ ಹುಡುಗರೂ ನಮ್ಮ ನಡುವೆ ಇದ್ದಾರೆ. “ನಾಲ್ಕು ಗಂಟೆ ತಾನೆ, ಬೇಕೆಂದಾಗ ಬಂದುಬಿಡಬಹುದು” ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಆ ಮಾತು ನಿಜವಲ್ಲ ಎಂಬುದೇ ಈ ಬರಹದ ವಿಷಯ.

ಮೊದಲು ಲೆಕ್ಕವನ್ನೇ ನೋಡೋಣ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ದುಬೈ ವಿಮಾನ ನಿಲ್ದಾಣಕ್ಕೆ ಇರುವ ಅಂತರ ಸುಮಾರು 2,700 ಕಿಲೋಮೀಟರ್. ಇದು ರಸ್ತೆಯನ್ನು ಅಳೆದಂತೆ ಅಳೆದದ್ದಲ್ಲ. ಭೂಮಿ ಗುಂಡಗಿರುವುದರಿಂದ ಅದರ ಮೇಲಿನ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿ ಒಂದು ಕಮಾನಿನಂತೆ ಬಾಗಿರುತ್ತದೆ. ಅದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಗ್ಲೋಬಿನ ಮೇಲೆ ಬೆಂಗಳೂರಿನಿಂದ ದುಬೈಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದೇ ಆ ದಾರಿ. ಎರಡೂ ಊರುಗಳ ಅಕ್ಷಾಂಶ, ರೇಖಾಂಶ ತಿಳಿದಿದ್ದರೆ ನಾವು ಕಲಿತ ತ್ರಿಕೋನಮಿತಿಯಲ್ಲೇ ಅದನ್ನು ಲೆಕ್ಕ ಹಾಕಬಹುದು. ಹಾಗೆ ಮಾಡಿದರೆ ಮಂಗಳೂರಿನಿಂದ ದುಬೈಗೆ ಸುಮಾರು 2,460 ಕಿಲೋಮೀಟರ್, ಬೆಂಗಳೂರಿನಿಂದ ಜಿದ್ದಾಗೆ ಸುಮಾರು 4,200 ಕಿಲೋಮೀಟರ್ ಬರುತ್ತದೆ.

ವಿಮಾನ ಮೇಲೆ ಏರಿದ ನಂತರ ಗಂಟೆಗೆ 800ರಿಂದ 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. 2,700ನ್ನು 850ರಿಂದ ಭಾಗಿಸಿದರೆ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಬರಬೇಕು. ಆದರೆ ವಿಮಾನ ರನ್‌ವೇವರೆಗೆ ನಿಧಾನವಾಗಿ ಉರುಳಬೇಕು, ಮೇಲೇರಬೇಕು, ಇಳಿಯಬೇಕು, ನಿಗದಿಯಾದ ವಾಯುಮಾರ್ಗಗಳಲ್ಲೇ ಹೋಗಬೇಕು. ಮೇಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ದುಬೈಗೆ ಹೋಗುವ ವಿಮಾನ ಗಾಳಿಗೆ ಎದುರಾಗಿ ಹೋಗುತ್ತದೆ. ಬರುವ ವಿಮಾನಕ್ಕೆ ಅದೇ ಗಾಳಿ ಬೆನ್ನು ತಟ್ಟುತ್ತದೆ. ಹಾಗಾಗಿ ಹೋಗಲು ಸುಮಾರು ನಾಲ್ಕು ಗಂಟೆ, ಬರಲು ಸುಮಾರು ಮೂರೂವರೆ ಗಂಟೆ. ಚಳಿಗಾಲದಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ.

ಇದರ ಜೊತೆ ಗಡಿಯಾರದ ಆಟವೂ ಒಂದಿದೆ. ದುಬೈ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಅರೇಬಿಯಾದ ಸಮಯ ಎರಡೂವರೆ ಗಂಟೆ ಹಿಂದೆ. ಟಿಕೆಟಿನಲ್ಲಿ ಹೊರಡುವ ಸಮಯವನ್ನು ಹೊರಡುವ ಊರಿನ ಗಡಿಯಾರದಲ್ಲೂ, ತಲುಪುವ ಸಮಯವನ್ನು ತಲುಪುವ ಊರಿನ ಗಡಿಯಾರದಲ್ಲೂ ಮುದ್ರಿಸುತ್ತಾರೆ. ಬೆಳಗ್ಗೆ 4ಕ್ಕೆ ಬೆಂಗಳೂರು ಬಿಟ್ಟ ವಿಮಾನ 6.30ಕ್ಕೆ ದುಬೈ ತಲುಪುತ್ತದೆ ಎಂದು ಬರೆದಿದ್ದರೆ ಅದು ಎರಡೂವರೆ ಗಂಟೆಯ ಪ್ರಯಾಣವಲ್ಲ, ನಾಲ್ಕು ಗಂಟೆಯದು. ರಾತ್ರಿ 10ಕ್ಕೆ ದುಬೈ ಬಿಟ್ಟು 3ಕ್ಕೆ ಬೆಂಗಳೂರು ತಲುಪುವುದು ಐದು ಗಂಟೆಯಲ್ಲ, ಮೂರೂವರೆ ಗಂಟೆ. ಇಷ್ಟು ಸಣ್ಣ ವಿಷಯವನ್ನು ನಾನು ಒಮ್ಮೆ ಮರೆತೆ.

ಜನವರಿಯ ಒಂದು ಬೆಳಗ್ಗೆ ಫಜರ್ ನಮಾಝ್ ಮುಗಿದ ಸ್ವಲ್ಪ ಹೊತ್ತಿಗೆ ನಮ್ಮ ದಾದಾ ತೀರಿಕೊಂಡರು. ಆಗ ಸುಮಾರು ಆರು ಗಂಟೆ. ನಮ್ಮ ಊರು ಅರಕಲಗೂಡಿನ ಹತ್ತಿರ. ಅಬ್ಬಾ ದುಬೈನಲ್ಲಿ. ದಾದಾಗೆ ಅಬ್ಬಾ ಒಬ್ಬರೇ ಮಗ. ಫೋನ್ ಮಾಡಿದಾಗ ಅಲ್ಲಿ ಇನ್ನೂ ನಾಲ್ಕೂವರೆ. ಒಂದು ಗಂಟೆಯೊಳಗೆ ಅಬ್ಬಾ ವಾಪಸ್ ಫೋನ್ ಮಾಡಿ, “ಹತ್ತು ಗಂಟೆಯ ವಿಮಾನ ಸಿಕ್ಕಿದೆ, ಬರ್ತಿದ್ದೀನಿ” ಎಂದಷ್ಟೇ ಹೇಳಿದರು. ಅವರ ದನಿ ನಡುಗುತ್ತಿತ್ತು. ಹೆಚ್ಚೇನೂ ಕೇಳಲು ಯಾರಿಗೂ ಮನಸ್ಸಾಗಲಿಲ್ಲ.

ದಫನ್ ತಡ ಮಾಡಬಾರದು ಎನ್ನುವುದು ನಮ್ಮೆಲ್ಲರಿಗೂ ಗೊತ್ತಿರುವ ವಿಷಯ. ಝುಹರ್ ನಂತರ ಮಾಡಿಬಿಡೋಣ ಎಂದು ಕೆಲವು ಹಿರಿಯರು ಹೇಳಿದರು. ಒಬ್ಬನೇ ಮಗ ಬರುತ್ತಿದ್ದಾನಲ್ಲ, ಸ್ವಲ್ಪ ಕಾಯೋಣ ಎಂದು ಇನ್ನು ಕೆಲವರು ಹೇಳಿದರು. ಎಷ್ಟು ಹೊತ್ತಿಗೆ ಬರಬಹುದು ಎಂಬ ಪ್ರಶ್ನೆ ಬಂತು. ಮನೆಯಲ್ಲಿ ಸೈನ್ಸ್ ಓದುವವಳು ನಾನು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಫೋನಿನಲ್ಲಿ ಹುಡುಕಿದೆ. ದುಬೈನಿಂದ ಬೆಂಗಳೂರಿಗೆ ಮೂರೂವರೆ ಗಂಟೆ ಎಂದಿತ್ತು. ಹತ್ತಕ್ಕೆ ಮೂರೂವರೆ ಕೂಡಿಸಿದೆ, ಒಂದೂವರೆ. ಕಾರಿನಲ್ಲಿ ಮೂರು ಗಂಟೆ, ನಾಲ್ಕೂವರೆ. “ಅಸರ್ ಹೊತ್ತಿಗೆ ಅಬ್ಬಾ ಇಲ್ಲಿರ್ತಾರೆ” ಎಂದೆ. ಅದರಂತೆ ಜನಾಝಾವನ್ನು ಅಸರ್ ನಂತರಕ್ಕೆ ಇಟ್ಟುಕೊಂಡರು. ಮಸೀದಿಯಲ್ಲಿ ಹಾಗೆಯೇ ಹೇಳಿಸಿದರು.

ನನ್ನ ಲೆಕ್ಕದಲ್ಲಿ ಮೂರು ತಪ್ಪುಗಳಿದ್ದವು. ಮೊದಲನೆಯದು, ಹತ್ತು ಗಂಟೆ ಎಂದರೆ ದುಬೈನ ಹತ್ತು ಗಂಟೆ, ನಮ್ಮ ಹನ್ನೊಂದೂವರೆ. ವಿಮಾನ ಇಳಿದದ್ದು ಒಂದೂವರೆಗಲ್ಲ, ಮೂರಕ್ಕೆ. ಎರಡನೆಯದು, ವಿಮಾನ ಇಳಿದ ಕೂಡಲೇ ಮನುಷ್ಯ ಹೊರಗೆ ಬಂದುಬಿಡುವುದಿಲ್ಲ. ಪಾಸ್‌ಪೋರ್ಟ್ ತಪಾಸಣೆಯ ಸಾಲು, ಸಾಮಾನು, ಬಾಗಿಲು ದಾಟಿ ಕಾರು ಹತ್ತುವಷ್ಟರಲ್ಲಿ ಒಂದು ಗಂಟೆ ಹೋಯಿತು. ಮೂರನೆಯದು, ನಾನು ಬೆಂಗಳೂರು ಎಂದುಕೊಂಡೆ. ಆದರೆ ವಿಮಾನ ನಿಲ್ದಾಣ ಇರುವುದು ಬೆಂಗಳೂರಿನ ಆಚೆ ದೇವನಹಳ್ಳಿಯ ಬಳಿ. ನಮಗೆ ಅದು ಊರಿನ ಆ ತುದಿ. ಅಲ್ಲಿಂದ ನಮ್ಮ ಮನೆಗೆ ಸುಮಾರು 250 ಕಿಲೋಮೀಟರ್, ಐದು ಗಂಟೆ. ಒಂದೂವರೆ, ಒಂದು, ಎರಡು, ಒಟ್ಟು ನಾಲ್ಕೂವರೆ ಗಂಟೆ ನಾನು ಬಿಟ್ಟುಬಿಟ್ಟಿದ್ದೆ.

ಅಸರ್ ಆಯಿತು. ಅಬ್ಬಾ ಇನ್ನೂ ಬೆಂಗಳೂರು ದಾಟಿರಲಿಲ್ಲ. ಹಿರಿಯರು ಮಗ್ರಿಬ್‌ವರೆಗೆ ಕಾದರು. ಹೊರಗೆ ದೂರದ ಊರುಗಳಿಂದ ಬಂದವರು ಬೆಳಗ್ಗಿನಿಂದ ಕುಳಿತಿದ್ದರು. ಮಗ್ರಿಬ್ ನಂತರ ಇನ್ನು ಕಾಯಲಾಗದು ಎಂದು ದಾದಾರನ್ನು ತೆಗೆದುಕೊಂಡು ಹೋದರು. ಅಬ್ಬಾ ಮನೆ ಮುಂದೆ ಇಳಿದಾಗ ರಾತ್ರಿ ಒಂಬತ್ತು. ಒಳಗೆ ಬರದೆ ಚಾಚಾನ ಜೊತೆ ಟಾರ್ಚ್ ಹಿಡಿದು ಕಬರಸ್ತಾನಕ್ಕೆ ಹೋದರು.

ಯಾರೂ ನನ್ನನ್ನು ಬೈಯಲಿಲ್ಲ. ಎರಡು ದಿನ ಬಿಟ್ಟು ಅಬ್ಬಾ ಒಂದು ಮಾತು ಹೇಳಿದರು: “ಝುಹರ್‌ಗೇ ಮಾಡಿಬಿಡ್ತೀವಿ ಅಂತ ಬೆಳಗ್ಗೆಯೇ ಹೇಳಿದ್ದಿದ್ರೆ ನಾನು ವಿಮಾನದಲ್ಲೇ ಕೂತು ದುಆ ಮಾಡ್ತಿದ್ದೆ. ದಾರಿಯುದ್ದಕ್ಕೂ ಗಡಿಯಾರ ನೋಡ್ತಿರಲಿಲ್ಲ.” ಇಶಾ ನಂತರವೇ ಮಾಡೋಣ ಎಂದು ತಿಳಿದು ನಿರ್ಧರಿಸಿದ್ದರೂ ಅವರು ಮುಖ ನೋಡುತ್ತಿದ್ದರು. ಇವೆರಡರಲ್ಲಿ ಯಾವುದು ಸರಿ ಎಂಬುದನ್ನು ಹಿರಿಯರು ತೀರ್ಮಾನಿಸಬೇಕು, ಅದು ನನ್ನ ಮಾತಲ್ಲ. ಆದರೆ ಅವರಿಗೆ ಸರಿಯಾದ ಲೆಕ್ಕ ಕೊಡುವುದು ನನ್ನ ಕೆಲಸವಾಗಿತ್ತು. ನಾನು ಕೊಟ್ಟದ್ದು ವಿಮಾನದ ಸಮಯ. ಅವರಿಗೆ ಬೇಕಾಗಿದ್ದದ್ದು ಮನುಷ್ಯನ ಸಮಯ.

ಅದಾದ ಮೇಲೆ ಅಬ್ಬಾ ವಾಪಸ್ ಹೊರಟಾಗ ನಾನು ಒಂದು ಹಾಳೆಯಲ್ಲಿ ಪೂರ್ತಿ ಬರೆದಿಟ್ಟೆ. ಅರಕಲಗೂಡಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಒಂದು ಗಂಟೆ. ಹಾಸನದಿಂದ ಬೆಂಗಳೂರು ಮೆಜೆಸ್ಟಿಕ್‌ಗೆ ಸುಮಾರು 185 ಕಿಲೋಮೀಟರ್, ನಾಲ್ಕು ಗಂಟೆ. ಬಸ್ಸುಗಳಿಗೆ ಕಾದದ್ದು ಎಲ್ಲಾ ಸೇರಿ ಒಂದು ಗಂಟೆ. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ಇರಬೇಕು. ವಿಮಾನದಲ್ಲಿ ನಾಲ್ಕು ಗಂಟೆ. ಅಲ್ಲಿ ಹೊರಗೆ ಬರಲು ಒಂದು ಗಂಟೆ. ಅಲ್ಲಿಂದ ರೂಮಿಗೆ ಒಂದು ಗಂಟೆ. ಒಟ್ಟು ಹದಿನಾರೂವರೆ ಗಂಟೆ. ಅದರಲ್ಲಿ ವಿಮಾನದ ಪಾಲು ನಾಲ್ಕನೇ ಒಂದು ಭಾಗ ಮಾತ್ರ.

ಈಗ ಸರ್ ಕಲಿಸಿದ ಸೂತ್ರ ಹಾಕೋಣ. ನೆಲದ ಮೇಲೆ 250, ಆಕಾಶದಲ್ಲಿ 2,700, ಒಟ್ಟು 2,950 ಕಿಲೋಮೀಟರ್. ಹದಿನಾರೂವರೆಯಿಂದ ಭಾಗಿಸಿದರೆ ಗಂಟೆಗೆ ಸುಮಾರು 180 ಕಿಲೋಮೀಟರ್. ವಿಮಾನದ ವೇಗ 850 ಇರಬಹುದು. ನಮ್ಮ ಅಬ್ಬಾಂದಿರ ವೇಗ 180. ಒಟ್ಟು ದಾರಿಯಲ್ಲಿ ನೂರಕ್ಕೆ ಒಂಬತ್ತು ಪಾಲು ಕೂಡ ಇಲ್ಲದ ನೆಲದ ದಾರಿಗೆ, ಬಸ್ಸು ಕಾಯುವುದೂ ಸೇರಿ, ವಿಮಾನಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ.

ಹಾಗಾದರೆ ಮಂಗಳೂರಿನ ಮೂಲಕ ಹೋಗಬಹುದಲ್ಲ ಎಂದು ಕೇಳಬಹುದು. ಭೂಪಟದಲ್ಲಿ ನೋಡಿದರೆ ಅದೇ ಸರಿ. ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿಲೋಮೀಟರ್, ದೇವನಹಳ್ಳಿಗಿಂತ ಕಡಿಮೆ. ಅಲ್ಲಿಂದ ದುಬೈ ಕೂಡ ಸುಮಾರು 240 ಕಿಲೋಮೀಟರ್ ಹತ್ತಿರ. ಆದರೆ ನಡುವೆ ಶಿರಾಡಿ ಘಾಟಿ ಇದೆ. ಸಕಲೇಶಪುರದ ಬಳಿ 2024ರ ಜುಲೈನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದದ್ದು ನಮಗೆಲ್ಲ ನೆನಪಿದೆ. 2018ರ ಮಳೆಯಲ್ಲೂ ಹಾಗೇ ಆಗಿತ್ತು. ಮಳೆಗಾಲದಲ್ಲಿ ಮಂಗಳೂರಿನಿಂದ ಟಿಕೆಟ್ ಮಾಡಿಸಿದವನು ವಿಮಾನಕ್ಕಿಂತ ಮೊದಲು ಘಾಟಿಯ ಸುದ್ದಿ ನೋಡಬೇಕು. ಕಿಲೋಮೀಟರ್ ಕಡಿಮೆಯಾದ ಮಾತ್ರಕ್ಕೆ ದಾರಿ ಹತ್ತಿರವಾಗುವುದಿಲ್ಲ.

ನಮ್ಮ ನಾಲ್ಕು ಊರುಗಳ ನಡುವೆಯೂ ದೂರ ಒಂದೇ ತರ ಇಲ್ಲ. ಚನ್ನರಾಯಪಟ್ಟಣ ಬೆಂಗಳೂರಿನ ಹೆದ್ದಾರಿಯ ಮೇಲೆಯೇ ಇದೆ. 2017ರಲ್ಲಿ ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ರೈಲು ಬಂದಾಗಿನಿಂದ ಅವರಿಗೆ ರೈಲೂ ಇದೆ. ಹೊಳೆನರಸೀಪುರದಲ್ಲಿ ರೈಲು ನಿಲ್ದಾಣವಿದೆ, ಆದರೆ ಅದು ಮೈಸೂರು ಅರಸೀಕೆರೆ ಮಾರ್ಗ. ಅರಕಲಗೂಡಿಗೆ ರೈಲೇ ಇಲ್ಲ. ದುಬೈನಲ್ಲಿ ಒಂದೇ ರೂಮಿನಲ್ಲಿ ಇರುವ ಇಬ್ಬರು ಒಂದೇ ವಿಮಾನದಲ್ಲಿ ಬಂದರೂ ಚನ್ನರಾಯಪಟ್ಟಣದವರು ಊಟಕ್ಕೆ ಕುಳಿತಾಗ ಅರಕಲಗೂಡಿನವರು ಇನ್ನೂ ಬಸ್ಸಿನಲ್ಲಿರುತ್ತಾರೆ.

ಇದನ್ನೆಲ್ಲ ಹೇಳಿದರೆ ಹಲವರು, “ಬೂವನಹಳ್ಳಿಯಲ್ಲಿ ಹಾಸನದ ವಿಮಾನ ನಿಲ್ದಾಣ ಆಗಲಿ, ಎಲ್ಲಾ ಸರಿ ಹೋಗುತ್ತದೆ” ಎನ್ನುತ್ತಾರೆ. ಆ ನಿಲ್ದಾಣದ ಮಾತು ನಮ್ಮ ಅಬ್ಬಾಂದಿರು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಇದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರಲ್ಲಿ ದೇಶದ ಪ್ರಧಾನಿಯಾದರು. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯ ಜನರಿಗೂ ವಿಮಾನದ ಟಿಕೆಟ್ ಕೈಗೆಟಕುವಂತೆ ಮಾಡಿದರು. ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ತಮ್ಮ ಕುಟುಂಬದ ಜಮೀನು ಮುಳುಗಿದ್ದನ್ನು ಕಂಡವರು ಅವರು. ಇಂಥವರ ಜಿಲ್ಲೆಗೆ ವಿಮಾನ ನಿಲ್ದಾಣ ಬೇಡ ಎಂದು ನಾನು ಹೇಳುವುದಿಲ್ಲ.

ಆದರೆ ಅದರಿಂದ ಎಲ್ಲಾ ಸರಿಹೋಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಶಿವಮೊಗ್ಗದಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಆಗಸ್ಟ್ ಕೊನೆಗೆ ವಿಮಾನಗಳು ಶುರುವಾದವು. ಅವು ದೇಶದೊಳಗಿನ ಊರುಗಳಿಗೆ ಹೋಗುವ ವಿಮಾನಗಳು. ಚಿಕ್ಕ ನಿಲ್ದಾಣದಿಂದ ಕೊಲ್ಲಿ ದೇಶಕ್ಕೆ ಹೋಗುವವರು ಮತ್ತೆ ದೊಡ್ಡ ನಿಲ್ದಾಣಕ್ಕೇ ಹೋಗಿ ವಿಮಾನ ಬದಲಿಸಬೇಕು. ನಮಗೆ ಇವತ್ತು ಬೇಕಾದದ್ದು ಅದಕ್ಕಿಂತ ಅಗ್ಗದ್ದು. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತುವ ಕಷ್ಟವಿಲ್ಲದೆ ನೇರವಾಗಿ ಹೋಗುತ್ತದೆ. ಕೊಲ್ಲಿಯ ವಿಮಾನಗಳ ವೇಳೆಗೆ ಹೊಂದುವಂತೆ ಅಂಥ ಬಸ್ಸು ಅರಕಲಗೂಡು, ಹೊಳೆನರಸೀಪುರದವರಿಗೂ ಹಾಸನದಲ್ಲಿ ಹತ್ತಲು ಸಿಗಬೇಕು. ಹಾಸನದಿಂದ ಹಳ್ಳಿಗಳಿಗೆ ರಾತ್ರಿ ಹೊತ್ತಿನ ಬಸ್ಸು ಇರಬೇಕು. ಚನ್ನರಾಯಪಟ್ಟಣ ದಾಟಿ ನೆಲಮಂಗಲ ತಲುಪಿದ ಮೇಲೆ ಬೆಂಗಳೂರಿನ ಒಳಗೆ ನುಗ್ಗದೆ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಸೇರುವ ದಾರಿಯೂ ಇದೆ. ಕಾರಿನಲ್ಲಿ ಹೋಗುವವರು ಎಷ್ಟು ಜನ ಅದನ್ನು ತಿಳಿದಿದ್ದಾರೆ?

ನಮ್ಮ ಹಿರಿಯರು ಹಡಗಿನಲ್ಲಿ ಹಜ್‌ಗೆ ಹೋಗುತ್ತಿದ್ದ ಕಾಲದ ಮಾತುಗಳನ್ನು ದಾದಾ ಹೇಳುತ್ತಿದ್ದರು. ಊರಿನಿಂದ ಮುಂಬೈ, ಮುಂಬೈನಿಂದ ಜಿದ್ದಾಗೆ ಸಮುದ್ರದ ಮೇಲೆ ದಿನಗಟ್ಟಲೆ ಪ್ರಯಾಣ. 1995ರಲ್ಲಿ ಆ ಹಡಗುಗಳು ನಿಂತವು. ಹೊರಡುವ ಮುಂಚೆ ಅವರು ಸಾಲ ತೀರಿಸುತ್ತಿದ್ದರು, ಮನೆಮನೆಗೆ ಹೋಗಿ ಮಾಫಿ ಕೇಳುತ್ತಿದ್ದರು, ನಾನು ಬರುವುದರೊಳಗೆ ಹೀಗಾದರೆ ಹೀಗೆ ಮಾಡಿ ಎಂದು ಹೇಳಿ ಹೋಗುತ್ತಿದ್ದರು. ದೂರ ಎಷ್ಟೆಂದು ಅವರಿಗೆ ಗೊತ್ತಿತ್ತು, ಅದಕ್ಕೆ ತಕ್ಕ ತಯಾರಿ ಇತ್ತು. ಇವತ್ತು ಜಿದ್ದಾ ಆರು ಗಂಟೆಯೊಳಗಿನ ವಿಮಾನ. ಅದು ದೊಡ್ಡ ಅನುಕೂಲ. ಆದರೆ ದೂರ ಇಲ್ಲವೇ ಇಲ್ಲ ಎಂದುಕೊಂಡು ನಾವು ತಯಾರಿಯನ್ನೇ ಬಿಟ್ಟಿದ್ದೇವೆ.

ಆದ್ದರಿಂದ ನನ್ನ ಸಹಪಾಠಿಗಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಯವರು ಯಾರಾದರೂ ದೂರದಲ್ಲಿದ್ದರೆ ಇವತ್ತೇ ಒಂದು ಹಾಳೆ ತೆಗೆದುಕೊಳ್ಳಿ. ಅವರ ರೂಮಿನ ಬಾಗಿಲಿನಿಂದ ನಿಮ್ಮ ಮನೆಯ ಬಾಗಿಲಿನವರೆಗೆ ಒಂದೊಂದೇ ಹಂತ ಬರೆಯಿರಿ. ರಜೆ ಸಿಗಲು ಎಷ್ಟು ಹೊತ್ತು, ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ, ಯಾವ ಹೊತ್ತಿಗೆ ವಿಮಾನ, ಇಳಿದ ಮೇಲೆ ಕರೆತರುವವರು ಯಾರು, ಎಲ್ಲವನ್ನೂ ಅವರನ್ನೇ ಕೇಳಿ ಬರೆಯಿರಿ. ಗಡಿಯಾರದ ವ್ಯತ್ಯಾಸವನ್ನು ಮೇಲ್ಗಡೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಕೆಲಸಕ್ಕೆಂದು ಹೊರಡುವ ಅಣ್ಣಂದಿರು “ನಾಲ್ಕು ಗಂಟೆ ತಾನೆ” ಎಂದು ಅಮ್ಮಿಯನ್ನು ಸಮಾಧಾನ ಮಾಡಬೇಡಿ. ಹದಿನಾರೂವರೆ ಗಂಟೆ ಎಂದು ನಿಜ ಹೇಳಿ, ಆಮೇಲೆ ಹೊರಡಿ.

ನಮ್ಮ ಉಪನ್ಯಾಸಕರಲ್ಲೂ ಒಂದು ಮನವಿ. ಸರಾಸರಿ ವೇಗದ ಪಾಠ ಬಂದಾಗ ರೈಲು ಸೇತುವೆ ದಾಟುವ ಲೆಕ್ಕದ ಜೊತೆ ಈ ಲೆಕ್ಕವನ್ನೂ ಕೊಡಿ. ಭೂಗೋಳದ ಪಾಠದಲ್ಲಿ ಕಾಲವಲಯ ಬಂದಾಗ ಒಂದು ಟಿಕೆಟ್ ತೋರಿಸಿ ಓದಿಸಿ. ಪರೀಕ್ಷೆಗೆ ಬರಲಿ ಬಿಡಲಿ, ನಮ್ಮ ಮನೆಗಳಿಗೆ ಇದು ಬೇಕು.

ಆ ಹಾಳೆ ಈಗ ನಮ್ಮ ಮನೆಯ ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕದಲ್ಲಿದೆ. ಮೊನ್ನೆ ಅಬ್ಬಾ ರಜೆಗೆ ಬಂದಾಗ ದಾದಿ ನನ್ನನ್ನು ಕೇಳಿದರು, “ಎಷ್ಟೊತ್ತಿಗೆ ಬರ್ತಾನೆ?” ನಾನು ಹಾಳೆ ನೋಡಿ, “ರಾತ್ರಿ ಹತ್ತೂವರೆ” ಎಂದೆ. ಹತ್ತು ಗಂಟೆ ಐವತ್ತಕ್ಕೆ ಬಾಗಿಲು ಬಡಿದ ಸದ್ದಾಯಿತು. ಅಡುಗೆ ಆರಿರಲಿಲ್ಲ.